ಸ್ಪ್ರಿಂಗ್ ಏರ್ ರೈಫಲ್‌ಗೆ ಬಾಳಿಕೆ ಬರುವ ಸ್ಕೋಪ್ ಯಾವುದು? ಅನುಭವ ಇದ್ದವರು ತಿಳಿಸಿ

ಸಪ್ತಾಪುರದವ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು .177 ಅಳತೆಯ, ನಳಿಕೆ ಮಡಚಿ ಛರ್ರಾ ತುಂಬುವ ಸ್ಪ್ರಿಂಗ್ ಏರ್ ರೈಫಲ್. ಕಲಘಟಗಿ ರಸ್ತೆಯಲ್ಲಿ ಗೆಳೆಯರೊಬ್ಬರ ತೋಟವಿದ್ದು, ಅಲ್ಲಿ ಎತ್ತರದ ಮಣ್ಣಿನ ಒಡ್ಡಿನ ಮುಂದೆ 10 ಮೀಟರಿನಿಂದ 40 ಮೀಟರಿನವರೆಗೆ ಕಾಗದದ ಗುರಿಗಳನ್ನು ನಿಲ್ಲಿಸಿ ಅಭ್ಯಾಸ ಮಾಡುತ್ತೇನೆ. ಬೇಟೆಯ ಉದ್ದೇಶ ಇಲ್ಲ, ಆ ಮಾತು ಇಲ್ಲಿ ಬೇಡ.

ತೊಂದರೆ ಇರುವುದು ಸ್ಕೋಪಿನದು, ಅಂದರೆ ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನಿನದು. ರೈಫಲ್ ಜೊತೆಗೇ ಬಂದಿದ್ದ ಸ್ಕೋಪಿನ ಒಳಗೆ ಕೆಲವೇ ತಿಂಗಳಲ್ಲಿ ಏನೋ ಸಡಿಲವಾಗಿ, ಅಲುಗಾಡಿಸಿದರೆ ಸದ್ದು ಕೇಳತೊಡಗಿತು. ಅದನ್ನು ತೆಗೆದು ಬೇರೊಂದು 3-9×40 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಗಾಜಿನದು) ಹಾಕಿದೆ. ಇದು ಸದ್ದು ಮಾಡುವುದಿಲ್ಲ, ಗಾಜು ಸ್ವಚ್ಛವಾಗಿದೆ, ಆದರೆ ಝೀರೋ, ಅಂದರೆ ಗುರಿ ಇಟ್ಟಲ್ಲೇ ಛರ್ರಾ ಬೀಳುವ ಹೊಂದಾಣಿಕೆ, ನಿಲ್ಲುವುದಿಲ್ಲ. ಇಂದು 25 ಮೀಟರಿನಲ್ಲಿ ಸರಿಹೊಂದಿಸಿ ಇಟ್ಟರೆ ಮುಂದಿನ ವಾರ ಹೊಡೆತಗಳ ಗುಂಪು ಎರಡು ಬೆರಳಗಲ ಕೆಳಗೆ ಬಿದ್ದಿರುತ್ತದೆ. ಮತ್ತೆ ಸರಿಪಡಿಸಿದರೆ ಅದೇ ದಿನ ಸಂಜೆಗೆ ಬೇರೆ ಕಡೆ ಹೋಗಿರುತ್ತದೆ. ಮಳೆಗಾಲದಲ್ಲಿ ಬೆಳಗಿನ ಹೊತ್ತು ಒಳಗಿನ ಗಾಜು ಮಸುಕಾಗುತ್ತದೆಯೋ ಎಂಬ ಅನುಮಾನವೂ ಇದೆ.

ಹದಿನೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಂದನ್ನು ಕೊಂಡು ಹತ್ತು ವರ್ಷ ಅದನ್ನೇ ಬಳಸಬೇಕೆಂದಿದ್ದೇನೆ. ಅಂಗಡಿಯವರೊಬ್ಬರು 6-24×50 ತೆಗೆದುಕೊಳ್ಳಿ, ದೊಡ್ಡದು ಗಟ್ಟಿಯಾಗಿರುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಸೈನ್ಯದಲ್ಲಿ ಬಳಸುವಂಥದ್ದೇ ಬೇಕು ಎನ್ನುತ್ತಾರೆ. ದೊಡ್ಡ ರೈಫಲ್ಲಿನ ಮೇಲೆ ವರ್ಷಗಟ್ಟಲೆ ನಿಲ್ಲುವ ಸ್ಕೋಪು ಈ ಸಣ್ಣ ಏರ್ ರೈಫಲ್ಲಿನ ಮೇಲೆ ಏಕೆ ಕೆಡುತ್ತದೆ, ಮತ್ತು ಕೊಳ್ಳುವಾಗ ಏನನ್ನು ನೋಡಿ ಗಟ್ಟಿತನ ಅಳೆಯಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಹವಾಲ್ದಾರ್, ಗದಗ

ತಮ್ಮಾ, ನೀನು ಕೇಳಿದ್ದು ಸ್ಕೋಪಿನ ಹೆಸರನ್ನು, ಆದರೆ ಉತ್ತರ ಶುರುವಾಗಬೇಕಾದ್ದು ರೈಫಲ್ಲಿನಿಂದ. ಮದ್ದು ಸುಡುವ ರೈಫಲ್ ಒಂದೇ ದಿಕ್ಕಿಗೆ, ಅಂದರೆ ಭುಜದ ಕಡೆಗೆ, ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಹಾಗಲ್ಲ. ಕುದುರೆ (ಟ್ರಿಗರ್) ಎಳೆದಾಗ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ತಳ್ಳುವುದರಿಂದ ರೈಫಲ್ ಹಿಂದಕ್ಕೆ ಸರಿಯುತ್ತದೆ. ಮರುಕ್ಷಣವೇ ಆ ಭಾರದ ಪಿಸ್ಟನ್ ಕೊಳವೆಯ ತುದಿಯಲ್ಲಿ ಒತ್ತಿಕೊಂಡ ಗಾಳಿಗೆ ಬಡಿದು ನಿಲ್ಲುವುದರಿಂದ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಭುಜಕ್ಕೆ ಇದು ಏನೂ ಅನ್ನಿಸುವುದಿಲ್ಲ, ಆದರೆ ಗಾಜಿಗೆ ಗೊತ್ತಾಗುತ್ತದೆ. ಹೆಚ್ಚಿನ ಸ್ಕೋಪುಗಳಲ್ಲಿ ಮಸೂರಗಳನ್ನು ಮತ್ತು ರೆಟಿಕಲ್ಲನ್ನು (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳನ್ನು) ಹಿಂದಕ್ಕೆ ಒದೆಯುವ ರೈಫಲ್ಲಿಗೆಂದು ಲೆಕ್ಕ ಹಾಕಿ ಬಿಗಿದಿರುತ್ತಾರೆ. ಎದುರು ದಿಕ್ಕಿನ ಜಗ್ಗುವಿಕೆ ಆ ಬಿಗಿತವನ್ನು ಹಿಂದಿನಿಂದ ಸಡಿಲಿಸುತ್ತದೆ. ದೊಡ್ಡ ಕಾಡತೂಸಿನ ಮೇಲೆ ವರ್ಷಗಟ್ಟಲೆ ನಿಂತ ಸ್ಕೋಪು ಏರ್ ರೈಫಲ್ಲಿನ ಮೇಲೆ ಬೇಗ ಸೋಲುವುದಕ್ಕೆ ಕಾರಣ ಇದೇ. ನಿನ್ನ ಮೊದಲ ಸ್ಕೋಪಿನೊಳಗಿನ ಸದ್ದಿಗೂ ಇದೇ ಕಾರಣ ಇರಬೇಕು. ಆದ್ದರಿಂದ ಪೆಟ್ಟಿಗೆಯ ಮೇಲೆ ಶಾಕ್ ಪ್ರೂಫ್ ಎಂದು ಬರೆದಿದ್ದರೆ ಸಾಲದು. ಸ್ಪ್ರಿಂಗ್ ಏರ್ ರೈಫಲ್‌ಗೆ ಯೋಗ್ಯ ಎಂದು ತಯಾರಕನೇ ಬಾಯಿಬಿಟ್ಟು ಹೇಳಿರಬೇಕು.

ಸೈನ್ಯದ ಸ್ಕೋಪಿನ ಮಾತು ಬಂದಿದೆ. ಡ್ರಾಗುನೊವ್ ರೈಫಲ್ಲಿನ ಮೇಲೆ ಬರುವ ಪಿಎಸ್‌ಒ-1 ಕೇವಲ 4×24, ಅಂದರೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, 24 ಮಿ.ಮೀ. ಗಾಜಿನ ಸಾಧನ. ಅಮೆರಿಕದ ನೌಕಾ ಪದಾತಿದಳ ವರ್ಷಗಳ ಕಾಲ ಬಳಸಿದ ಟ್ರೈಜಿಕಾನ್ ಎಕಾಗ್ ಕೂಡ 4×32 ಮಾತ್ರ. ಅದರ ಮೈ ಬಡಿದು ರೂಪಿಸಿದ 7075 ಅಲ್ಯೂಮಿನಿಯಂ. ಎರಡರಲ್ಲೂ ಜೂಮ್ ಇಲ್ಲ. ತಿರುಗಿಸುವ ಉಂಗುರ ಇಲ್ಲ, ಅದರೊಳಗೆ ಸರಿದಾಡುವ ಮಸೂರ ಇಲ್ಲ, ಹಾಗಾಗಿ ಸವೆಯುವ ಜಾಗಗಳೂ ಕಡಿಮೆ. ಇವನ್ನು ನೀನು ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ, ಏರ್ ರೈಫಲ್ಲಿನ ದೂರಕ್ಕೆ ಇವು ಹೊಂದುವುದೂ ಇಲ್ಲ. ಪೆಟ್ಟು ತಿನ್ನಬೇಕಾದ ಸಾಧನಕ್ಕೆ ತಿಳಿದವರು ಪವರ್ ಕಡಿಮೆ ಇಟ್ಟಿದ್ದಾರೆ ಎಂಬುದಷ್ಟೇ ಮಾತು. 6-24×50 ಗಟ್ಟಿ ಎಂದವರು ತೂಕವನ್ನು ಗಟ್ಟಿತನ ಎಂದುಕೊಂಡಿದ್ದಾರೆ. ಸ್ಪ್ರಿಂಗ್ ರೈಫಲ್ಲಿನ ಮೇಲೆ ತೂಕ ಹೆಚ್ಚಿದಷ್ಟೂ ಆ ಎರಡು ದಿಕ್ಕಿನ ಜಗ್ಗಾಟ ಮೌಂಟನ್ನು, ಅಂದರೆ ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಹಿಡಿಕೆಯನ್ನು, ಹೆಚ್ಚು ಎಳೆಯುತ್ತದೆ.

ಇನ್ನು ನಿನ್ನ ಎರಡನೆಯ ಸ್ಕೋಪು. ಅದನ್ನು ಎಸೆಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕೊಡು. ಮೇಲೆ-ಕೆಳಗೆ ಸರಿಪಡಿಸುವ ಟರೆಟ್, ಅಂದರೆ ತಿರುಗಿಸುವ ಗುಂಡಿ, ಈಗ ಎಲ್ಲಿದೆ, ಮಧ್ಯದಲ್ಲೋ ತುದಿಯಲ್ಲೋ? ಮೌಂಟ್ ಕಚ್ಚಿ ಕೂರುವ ರೈಲಿನ ಮೇಲೆ, ಅದರ ಹಿಂದೆ ಮುಂದೆ, ಉಜ್ಜಿದ ಗುರುತು ಇದೆಯೇ?

ಸಪ್ತಾಪುರದವ, ಧಾರವಾಡ

ಹವಾಲ್ದಾರ್ ಸಾಹೇಬರೇ, ನಿಮ್ಮ ಪ್ರಶ್ನೆ ಓದಿ ಇಂದು ಬೆಳಿಗ್ಗೆ ಪರೀಕ್ಷಿಸಿದೆ. ಟರೆಟ್ ಬಹುತೇಕ ಮೇಲಿನ ತುದಿಯಲ್ಲಿದೆ. ಇನ್ನು ಏಳೆಂಟು ಕ್ಲಿಕ್ ತಿರುಗಿಸಿದರೆ ನಿಂತುಬಿಡುತ್ತದೆ. ಅಷ್ಟು ಏರಿಸದಿದ್ದರೆ 25 ಮೀಟರಿನಲ್ಲಿ ಛರ್ರಾ ಗುರಿಯ ಬಹಳ ಕೆಳಗೆ ಬೀಳುತ್ತದೆ. ಮೌಂಟ್ ಎರಡು ಬಿಡಿ ರಿಂಗುಗಳದು, 11 ಮಿ.ಮೀ. ರೈಲಿಗೆ ಕೂರುವಂಥದ್ದು. ಮುಂದಿನ ರಿಂಗಿನ ಮುಂದೆ ಒಂದು ಹೊಳೆಯುವ ಗೆರೆ ಕಾಣುತ್ತದೆ, ಅಂದರೆ ರಿಂಗು ಮೊದಲು ಇನ್ನೂ ಮುಂದೆ ಇತ್ತು, ಈಗ ಹಿಂದಕ್ಕೆ ಸರಿದಿದೆ ಎಂದು ನನ್ನ ಊಹೆ. ಎರಡು ರಿಂಗುಗಳ ನಡುವಿನ ಅಂತರ ಸುಮಾರು 100 ಮಿ.ಮೀ. ಇದೆ.

ನಿವೃತ್ತ ಹವಾಲ್ದಾರ್, ಗದಗ

ಹಾಗಾದರೆ ನಿನ್ನ ಸ್ಕೋಪು ಕೆಟ್ಟಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಟರೆಟ್ಟಿನ ತಿರುಪು ಅದನ್ನು ಒಂದು ಕಡೆಯಿಂದ ಒತ್ತಿದರೆ, ಎದುರು ಕಡೆಯಿಂದ ಒಂದು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಟರೆಟ್ಟನ್ನು ಮೇಲಿನ ತುದಿಯವರೆಗೆ ತಿರುಗಿಸಿದಾಗ ತಿರುಪು ಹೊರಗೆ ಬಂದು ಆ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅದರ ಒತ್ತಡ ತೀರ ಕಡಿಮೆಯಾಗುತ್ತದೆ. ಆಗ ಪ್ರತಿ ಹೊಡೆತಕ್ಕೂ ಒಳಕೊಳವೆ ಅಷ್ಟಿಷ್ಟು ಕದಲುತ್ತದೆ. ನೀನು ವಿವರಿಸಿದ ಅಲೆದಾಟ ಇದೇ ಬಗೆಯದು. ಎಷ್ಟು ದುಬಾರಿ ಸ್ಕೋಪನ್ನು ತಂದು ಅದೇ ಮೌಂಟಿನ ಮೇಲೆ ಕೂರಿಸಿ, ಅದೇ ತುದಿಗೆ ಟರೆಟ್ ತಿರುಗಿಸಿದರೂ ಫಲ ಬೇರೆಯಾಗದು.

ಟರೆಟ್ ಅಷ್ಟು ಮೇಲೆ ಹೋಗಬೇಕಾದ ಕಾರಣ ನಳಿಕೆಯ ತಗ್ಗು. ಮಡಚುವ ರೈಫಲ್ಲುಗಳಲ್ಲಿ ನಳಿಕೆ, ಮೇಲಿನ ರೈಲಿಗೆ ಹೋಲಿಸಿದರೆ ಸ್ವಲ್ಪ ಕೆಳಮುಖವಾಗಿರುವುದು ಸಾಮಾನ್ಯ. ಅದನ್ನು ಸರಿದೂಗಿಸಬೇಕಾದ್ದು ಟರೆಟ್ ಅಲ್ಲ, ಮೌಂಟ್. ಹಿಂದಿನ ರಿಂಗು ತುಸು ಎತ್ತರ ಇರುವಂತೆ ಮಾಡಿದ ಮೌಂಟುಗಳು ದೊರೆಯುತ್ತವೆ. ತಾತ್ಕಾಲಿಕವಾಗಿ ಹಿಂದಿನ ರಿಂಗಿನ ಕೆಳಭಾಗದಲ್ಲಿ ತೆಳ್ಳನೆಯ ಪಟ್ಟಿಯೊಂದನ್ನು ಇಡಬಹುದು. ನಿನ್ನ ರಿಂಗುಗಳ ಅಂತರ 100 ಮಿ.ಮೀ. ಇರುವುದರಿಂದ 0.1 ಮಿ.ಮೀ. ದಪ್ಪದ ಪಟ್ಟಿ ಇಟ್ಟರೆ 25 ಮೀಟರಿನಲ್ಲಿ ಹೊಡೆತ 25 ಮಿ.ಮೀ. ಮೇಲೇರುತ್ತದೆ. ಹಳೆಯ ಕ್ಯಾಮೆರಾ ಫಿಲ್ಮಿನ ಒಂದು ತುಂಡು ಇದಕ್ಕೆ ಸಾಕು. ಎರಡು ತುಂಡಿಗಿಂತ ಹೆಚ್ಚು ಬೇಕಾದರೆ ಪಟ್ಟಿಯ ಆಸೆ ಬಿಡು, ಏಕೆಂದರೆ ಓರೆಯಾದ ರಿಂಗುಗಳು ಸ್ಕೋಪಿನ ಮೈಯನ್ನೇ ಬಗ್ಗಿಸುತ್ತವೆ.

ಆ ಹೊಳೆಯುವ ಗೆರೆಯ ಬಗ್ಗೆ ನಿನ್ನ ಊಹೆ ಸರಿ. ರೈಫಲ್ ಮುಂದಕ್ಕೆ ಜಗ್ಗಿದಾಗ ಸ್ಕೋಪು ಇದ್ದಲ್ಲೇ ಉಳಿಯಲು ನೋಡುವುದರಿಂದ, ರೈಲಿನ ಮೇಲೆ ಅದು ಹಿಂದೆ ಹಿಂದೆ ತೆವಳುತ್ತದೆ. ಬಿಡಿ ರಿಂಗುಗಳ ಬದಲು ಒಂದೇ ತುಂಡಿನ ಮೌಂಟ್ ಹಾಕಿ, ಅದರ ಅಡಿಯಲ್ಲಿರುವ ತಡೆಮೊಳೆಯನ್ನು ರೈಲಿನ ಹಿಂಭಾಗದ ತೂತಿಗೆ ಇಳಿಸಬೇಕು. ತೂತು ಇಲ್ಲದಿದ್ದರೆ ಮೌಂಟಿನ ಹಿಂದೆ ತಡೆಗಟ್ಟೆಯೊಂದನ್ನು ಬಿಗಿಯಬೇಕು. ರಿಂಗಿನ ತಿರುಪುಗಳಿಗೆ ಸುಮಾರು 2 ನ್ಯೂಟನ್-ಮೀಟರ್ ಬಿಗಿತ ಸಾಕು. ಉದ್ದನೆಯ ಅಲನ್ ಕೀ ಹಿಡಿದು ಬಲವನ್ನೆಲ್ಲ ಹಾಕಿದರೆ ಕೊಳವೆ ಅದುಮಿ ಹೋಗುತ್ತದೆ. ತೆವಳುವುದನ್ನು ನಿಲ್ಲಿಸಬೇಕಾದ್ದು ತಡೆಮೊಳೆ, ರಿಂಗಿನ ಬಿಗಿತವಲ್ಲ.

ಗಾಜಿನ ರಿಪೇರಿಯವ, ಹುಬ್ಬಳ್ಳಿ

ಹವಾಲ್ದಾರ್ ಸಾಹೇಬರು ಫಿಲ್ಮಿಗೆ ಇನ್ನೂ ಒಂದು ಉಪಯೋಗ ಉಳಿಸಿದ್ದು ಕಂಡು ಸಂತೋಷವಾಯಿತು. ನಮ್ಮ ಅಂಗಡಿಯಲ್ಲಿ ಅದನ್ನು ಕೇಳುವವರು ಇಲ್ಲವಾಗಿ ಬಹಳ ಕಾಲವಾಯಿತು. ನಾನು ಗುರಿ ಹೊಡೆಯುವವನಲ್ಲ. ಕ್ಯಾಮೆರಾ ಮತ್ತು ದುರ್ಬೀನುಗಳನ್ನು ರಿಪೇರಿ ಮಾಡುವವನು, ಆಗಾಗ ಸ್ಕೋಪುಗಳೂ ಬರುತ್ತವೆ. ಆದ್ದರಿಂದ ನೀರು, ಬೂಸ್ಟು ಮತ್ತು ಧೂಳಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಸ್ಕೋಪಿನೊಳಗೆ ನೈಟ್ರೋಜನ್ ತುಂಬುವುದು ಒಳಗೆ ತೇವದ ಗಾಳಿ ಉಳಿಯದಿರಲಿ ಎಂದು. ಅದನ್ನು ಒಳಗೆ ಹಿಡಿದಿಡುವುದು ಓ-ರಿಂಗ್ ಎಂಬ ರಬ್ಬರ್ ಬಳೆಗಳು. ಬಳೆ ಒಣಗಿ ಬಿರುಕು ಬಿಟ್ಟರೆ ಯಾವ ಅನಿಲ ತುಂಬಿದ್ದರೂ ಅಷ್ಟೇ, ಆದ್ದರಿಂದ ನೈಟ್ರೋಜನ್ ಬದಲು ಆರ್ಗಾನ್ ಇದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಐಪಿಎಕ್ಸ್-7 ಎಂದು ಬರೆದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಂಡಿದೆ ಎಂದರ್ಥ. ಧಾರವಾಡದ ಜುಲೈ ಮಳೆಗೆ ಅಷ್ಟು ಸಾಕು.

ಒಳಗೆ ಮಸುಕಾಗುತ್ತಿದೆಯೋ ಹೊರಗೋ ಎಂಬ ಅನುಮಾನವನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಬಹುದು. ಸ್ಕೋಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದು ಗಂಟೆ ಇಟ್ಟು, ಅನಂತರ ಹೊರತೆಗೆದು ಚೀಲ ಬಿಚ್ಚಬೇಕು. ಫ್ರೀಜರಿನಲ್ಲಿ ಇಡಬಾರದು. ಹೊರಗಿನ ಗಾಜು ಮಂಜು ಹಿಡಿಯುವುದು ಸಹಜ, ಅದನ್ನು ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೂ ಮಸುಕು ಉಳಿದರೆ ತೇವ ಒಳಗಿದೆ. ಅಂಥ ಸ್ಕೋಪನ್ನು ಸಾಮಾನ್ಯ ಅಂಗಡಿಯಲ್ಲಿ ಬಿಚ್ಚಿಸಬೇಡಿರಿ. ನಾವು ಬಿಚ್ಚಿ ಒರೆಸಿ ಮತ್ತೆ ಮುಚ್ಚಬಲ್ಲೆವು, ಆದರೆ ನೈಟ್ರೋಜನ್ ತುಂಬುವ ಸಲಕರಣೆ ನಮ್ಮಂಥವರ ಬಳಿ ಇರುವುದಿಲ್ಲ. ಬಿಚ್ಚಿದ ಸ್ಕೋಪು ಮುಂದಿನ ಮಳೆಗಾಲಕ್ಕೆ ಮತ್ತೆ ಮಸುಕಾಗುತ್ತದೆ.

ನಮ್ಮ ಭಾಗದಲ್ಲಿ ನೀರಿಗಿಂತ ಹೆಚ್ಚು ಗಾಜು ತಿನ್ನುವುದು ಬೂಸ್ಟು. ಮಲೆನಾಡಿನ ಅಂಚಿನ ಅಳ್ನಾವರ, ಕಲಘಟಗಿಯ ಕಡೆಯಿಂದ ಬರುವ ದುರ್ಬೀನುಗಳಲ್ಲಿ ಜೇಡರ ಬಲೆಯಂಥ ಎಳೆಗಳು ಎಷ್ಟೋ ಸಲ ಕಾಣುತ್ತವೆ. ಗಾಳಿಯ ತೇವ ಬಹುಕಾಲ ಶೇಕಡಾ 70ರ ಮೇಲೆ ಇದ್ದು, ಬೆಳಕು ಬೀಳದ ಪೆಟ್ಟಿಗೆಯಲ್ಲಿ ಸಾಧನ ಮುಚ್ಚಿಟ್ಟಿದ್ದರೆ ಅದು ಬೆಳೆಯುತ್ತದೆ, ಗಾಜಿನ ಲೇಪನವನ್ನು ಕೊರೆಯುತ್ತದೆ. ಒಮ್ಮೆ ಕೊರೆದರೆ ಒರೆಸಿದರೂ ಗುರುತು ಉಳಿಯುತ್ತದೆ. ಚರ್ಮದ ಚೀಲ ಇದಕ್ಕೆ ಅತ್ಯಂತ ಕೆಟ್ಟ ಜಾಗ, ಏಕೆಂದರೆ ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ.

ಲೇಪನದ ಬಗ್ಗೆ ಒಂದು ಮಾತು. ಲೇಪನ ಇಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈಗಳನ್ನು ದಾಟುವ ಹೊತ್ತಿಗೆ ಮೂರನೆಯ ಒಂದು ಪಾಲು ಬೆಳಕು ಹೋಗಿರುತ್ತದೆ. ಒಳ್ಳೆಯ ಬಹುಪದರ ಲೇಪನದಲ್ಲಿ ಈ ನಷ್ಟ ಪ್ರತಿ ಮೈಗೆ ಶೇಕಡಾ ಅರ್ಧಕ್ಕಿಂತ ಕಡಿಮೆ. ಆದರೆ ಈ ಲೇಪನ ಬಹಳ ತೆಳು. ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳ ಧೂಳು ಕೂತ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರೆ ಅದು ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಉಂಡೆ, ಆಮೇಲೆ ಮೃದು ಕುಂಚ, ಕೊನೆಗೆ ಬಟ್ಟೆ.

ಮೆಕ್ಕೆಜೋಳದವ, ರಾಣೆಬೆನ್ನೂರು

ಚರ್ಚೆ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಬೆಳೆ ಕಾಯಲೆಂದು ತಂದೆಯವರ ಕಾಲದಿಂದ ಪರವಾನಗಿ ಇರುವ .315 ರೈಫಲ್ ಇದೆ, ಇಶಾಪುರ ಕಾರ್ಖಾನೆಯದು. ಅದರ ಮೇಲೆ ರೈಲ್ ಇಲ್ಲ. ತೂತು ಕೊರೆಸಿ ಸ್ಕೋಪ್ ಕೂರಿಸಬಹುದೇ?

ನಿವೃತ್ತ ಹವಾಲ್ದಾರ್, ಗದಗ

ಯಜಮಾನರೇ, ಊರಿನ ಲೇತ್ ಅಂಗಡಿಯಲ್ಲಿ ಎಂದಿಗೂ ಬೇಡ. ಬಂದೂಕಿನ ರಿಪೇರಿ, ಮಾರ್ಪಾಡು ಮಾಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅವರದೇ ಆದ ಪರವಾನಗಿ ಇರಬೇಕು. ಮೊದಲು ಪರವಾನಗಿ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ, ಅನಂತರ ಅಧಿಕೃತ ಬಂದೂಕು ರಿಪೇರಿಯವರ ಬಳಿ ಹೋಗಿ. ನಿಮ್ಮ ಸೀಮೆಯಲ್ಲಿ ಜೋಳದ ಹೊಲಕ್ಕೆ ಬರುವುದು ಬಹುಪಾಲು ಕೃಷ್ಣಮೃಗ ಎಂಬುದೂ ನೆನಪಿರಲಿ. ಅದಕ್ಕೆ ಗುರಿ ಇಡುವುದು ಪರವಾನಗಿ ಇದ್ದರೂ ಅಪರಾಧ. ಬೆಳೆ ಕಾಯುವವರಿಗೆ ಸ್ಕೋಪಿಗಿಂತ ಒಳ್ಳೆಯ ಟಾರ್ಚು ಮತ್ತು ಬೇಲಿ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿದ್ಯಾನಗರ ರೇಂಜಿನವಳು, ಹುಬ್ಬಳ್ಳಿ

ಪ್ರಶ್ನೆ ಕೇಳಿದವರ ಏರ್ ರೈಫಲ್ ಬಗ್ಗೆಯೂ ಒಂದು ಸಾಲು: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು ಮತ್ತು 20 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ, ಮೀರಿದರೆ ಬೇಕು. ಹಾಗೆಯೇ, ಮುಂದೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಇಳಿಯುವ ಯೋಚನೆ ಇದ್ದರೆ ಅಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಬರಿಯ ರಂಧ್ರದ ಸೈಟಿನ ಮೂಲಕ.

ಈಗ ಸ್ಕೋಪಿನ ಆಯ್ಕೆಗೆ ಬರುತ್ತೇನೆ. ಹವಾಲ್ದಾರ್ ಕಾಕಾ ಹೇಳಿದ ಮೌಂಟಿನ ಮಾತನ್ನೆಲ್ಲ ಒಪ್ಪುತ್ತೇನೆ, ಆದರೆ ಜೂಮ್ ಇಲ್ಲದ್ದೇ ಬಾಳಿಕೆ ಎಂಬುದನ್ನು ಪೂರ್ತಿ ಒಪ್ಪಲಾರೆ. ಏರ್ ರೈಫಲ್ಲಿನಲ್ಲಿ ಅದಕ್ಕಿಂತ ಮುಖ್ಯವಾದ ವಿಷಯ ಪ್ಯಾರಲಾಕ್ಸ್, ಅಂದರೆ ಕಣ್ಣು ಅತ್ತಿತ್ತ ಸರಿದಾಗ ರೆಟಿಕಲ್ ಗುರಿಯ ಮೇಲೆ ಜಾರಿದಂತೆ ಕಾಣುವ ದೋಷ. ದೊಡ್ಡ ರೈಫಲ್ಲಿನ ಸ್ಕೋಪುಗಳಲ್ಲಿ ಇದನ್ನು ಸಾಮಾನ್ಯವಾಗಿ 100 ಗಜಕ್ಕೆ ಸರಿಮಾಡಿ ಬಿಟ್ಟಿರುತ್ತಾರೆ. 40 ಮಿ.ಮೀ. ಗಾಜಿನ ಅಂಥ ಸ್ಕೋಪಿನಲ್ಲಿ 25 ಗಜದ ಗುರಿ ನೋಡುವಾಗ ಕಣ್ಣು ಅಂಚಿಗೆ ಸರಿದರೆ ಗರಿಷ್ಠ 15 ಮಿ.ಮೀ. ತಪ್ಪು ಬರಬಹುದು. ಗಾಜು 32 ಮಿ.ಮೀ. ಇದ್ದರೆ ಅದೇ ತಪ್ಪು 12 ಮಿ.ಮೀ. ಮಾತ್ರ. ಹಾಗಾಗಿ ಝೀರೋ ಅಲೆಯುತ್ತಿದೆ ಎಂದು ಅನ್ನಿಸುವುದರಲ್ಲಿ ಒಂದು ಪಾಲು ಕೆನ್ನೆ ಇಡುವ ಜಾಗ ಬದಲಾಗುವುದರಿಂದಲೂ ಬರುತ್ತದೆ. ನಿಮಗೆ ಬೇಕಾದ್ದು 10 ಗಜದವರೆಗೆ ಪ್ಯಾರಲಾಕ್ಸ್ ಸರಿಪಡಿಸಬಹುದಾದ ಸ್ಕೋಪು. ಮುಂದಿನ ಗಾಜಿನ ಸುತ್ತ ಅಥವಾ ಎಡಬದಿಯಲ್ಲಿ ಅದಕ್ಕೊಂದು ತಿರುಗಣೆ ಇರುತ್ತದೆ.

6-24×50 ಬೇಡ ಎನ್ನಲು ನನ್ನದೇ ಕಾರಣವಿದೆ. ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿರುವೃತ್ತದ ಅಳತೆ ಸಿಗುತ್ತದೆ. 24 ಪವರಿನಲ್ಲಿ ಅದು 2 ಮಿ.ಮೀ. ಚಿಲ್ಲರೆ, ತಲೆ ಕೂದಲೆಳೆಯಷ್ಟು ಸರಿದರೂ ಕಪ್ಪಾಗುತ್ತದೆ. 40 ಮಿ.ಮೀ. ಗಾಜಿಗೆ 9 ಪವರಿನಲ್ಲಿ 4.4 ಮಿ.ಮೀ. ಸಿಗುತ್ತದೆ, ಸಂಜೆಯ ಬೆಳಕಿಗೂ ಅದು ಆರಾಮ. 40 ಮೀಟರಿನ ಕಾಗದಕ್ಕೆ 9 ಪವರ್ ಧಾರಾಳ. 2-7×32 ಅಥವಾ 3-9×40, ಪ್ಯಾರಲಾಕ್ಸ್ ತಿರುಗಣೆ ಇರುವುದು, ಒಂದಿಂಚಿನ ಕೊಳವೆಯದು: ನನ್ನ ಆಯ್ಕೆ ಇಷ್ಟೇ. 30 ಮಿ.ಮೀ. ಕೊಳವೆ ಟರೆಟ್ಟಿಗೆ ಹೆಚ್ಚು ಓಡಾಟದ ಜಾಗ ಕೊಡುತ್ತದೆ, ಆದರೆ ಈ ದೂರಕ್ಕೆ ಅದರ ಅಗತ್ಯವಿಲ್ಲ. ಹೆಸರು ಬೇಕೇಬೇಕೆಂದರೆ ಹಾಕ್ ಸಂಸ್ಥೆಯ ಏರ್‌ಮ್ಯಾಕ್ಸ್ ಸಾಲು ಏರ್ ರೈಫಲ್‌ಗೆಂದೇ ರೂಪಿಸಿದ್ದು. ಯಾವುದನ್ನೇ ಕೊಂಡರೂ ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ, ರಿಪೇರಿಗೆ ಎಲ್ಲಿಗೆ ಕಳಿಸಬೇಕು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೊಂಡ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಒಂದು ಪರೀಕ್ಷೆ ಮಾಡಿ. ಕಾಲು ನಿಮಿಷ ಕೋನದ (ಒಂದು ಡಿಗ್ರಿಯ 60ನೆಯ ಒಂದು ಪಾಲು ಒಂದು ನಿಮಿಷ) ಟರೆಟ್ಟಿನಲ್ಲಿ ಒಂದು ಕ್ಲಿಕ್ ಎಂದರೆ 25 ಮೀಟರಿನಲ್ಲಿ ಸುಮಾರು 1.8 ಮಿ.ಮೀ. ಒಂದೇ ಬಿಂದುವಿಗೆ ಗುರಿ ಇಟ್ಟು ಮೂರು ಹೊಡೆತ, ಅನಂತರ 20 ಕ್ಲಿಕ್ ಮೇಲೆ ಮಾಡಿ ಮೂರು, 20 ಬಲಕ್ಕೆ ಮಾಡಿ ಮೂರು, 20 ಕೆಳಗೆ ಮಾಡಿ ಮೂರು, ಕೊನೆಗೆ 20 ಎಡಕ್ಕೆ ಮಾಡಿ ಮತ್ತೆ ಮೂರು. ಕಾಗದದ ಮೇಲೆ ಸುಮಾರು 36 ಮಿ.ಮೀ. ಬದಿಯ ಚೌಕ ಮೂಡಬೇಕು, ಕೊನೆಯ ಗುಂಪು ಮೊದಲನೆಯದರ ಮೇಲೆಯೇ ಬೀಳಬೇಕು. ಗದಗ ಕಡೆಯ ಬಯಲಿನಲ್ಲಾಗಲಿ ತೋಟದಲ್ಲಾಗಲಿ ಗಾಳಿ ಏಳುವ ಮುಂಚೆ, ಬೆಳಗಿನ ಜಾವವೇ ಇದನ್ನು ಮುಗಿಸಬೇಕು. ಛರ್ರಾ ಹಗುರ, ಗಾಳಿಯ ತಪ್ಪನ್ನು ಸ್ಕೋಪಿನ ಮೇಲೆ ಹೊರಿಸುವಂತಾಗಬಾರದು.

ಸಪ್ತಾಪುರದವ, ಧಾರವಾಡ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೊಸ ಸ್ಕೋಪಿನ ಹಣ ಹಾಗೇ ಇಟ್ಟು, ಹಿಂಭಾಗ ಎತ್ತರವಿರುವ ಒಂದೇ ತುಂಡಿನ ಮೌಂಟ್ ತರಿಸುತ್ತಿದ್ದೇನೆ. ಅಕ್ಕಾ, ಒಂದು ಸಂಶಯ: ಟರೆಟ್ಟನ್ನು ಮೊದಲು ಸರಿಯಾಗಿ ಮಧ್ಯಕ್ಕೆ ತರುವುದು ಹೇಗೆ?

ವಿದ್ಯಾನಗರ ರೇಂಜಿನವಳು, ಹುಬ್ಬಳ್ಳಿ

ಒಂದು ತುದಿಗೆ ನಿಧಾನವಾಗಿ ತಿರುಗಿಸಿ ನಿಲ್ಲಿಸಿ, ಅಲ್ಲಿಂದ ಇನ್ನೊಂದು ತುದಿಯವರೆಗೆ ಕ್ಲಿಕ್ ಎಣಿಸಿ, ಅದರ ಅರ್ಧದಷ್ಟು ಹಿಂದಕ್ಕೆ ಬನ್ನಿ. ಪಕ್ಕದ ಟರೆಟ್ಟಿಗೂ ಹಾಗೆಯೇ ಮಾಡಿ. ತುದಿಯಲ್ಲಿ ಬಲ ಹಾಕಬೇಡಿ. ಮೌಂಟ್ ಕೂರಿಸಿದ ಮೇಲೆ 25 ಮೀಟರಿನ ಝೀರೋ ಈ ಮಧ್ಯದಿಂದ ಎಷ್ಟು ಕ್ಲಿಕ್ ದೂರದಲ್ಲಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯಿರಿ, ಇನ್ನೂ ಪಟ್ಟಿ ಬೇಕೋ ಬೇಡವೋ ಅದರ ಮೇಲೆ ಹೇಳಬಹುದು.